ವಾಟರ್ ಪಾರ್ಕ್‌ನ ತಿಂಡಿ ಕೌಂಟರ್: ಅಲೆ ನಿಲ್ಲುವ ಮುಂಚಿನ ಹತ್ತು ನಿಮಿಷ

ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಥರದ ಪಾರ್ಕುಗಳಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ಕಡಿಮೆ. ವೇವ್ ಪೂಲ್‌ನಲ್ಲಿ ಅಲೆ ನಿಂತಿತೋ, ನೀರಲ್ಲಿದ್ದವರೆಲ್ಲ ಹಸಿವೆ ಹಸಿವೆ ಅಂತ ಒಟ್ಟಿಗೇ ಮೇಲೆ ಬರುತ್ತಾರೆ. ಮುಂದಿನ ಅಲೆ ಶುರುವಾದರೆ ಕೌಂಟರ್ ಮತ್ತೆ ಬಿಕೋ ಎನ್ನುತ್ತದೆ. ಆ ಖಾಲಿ ಹೊತ್ತಿನಲ್ಲಿ ಏನು ಮಾಡಿಟ್ಟಿರುತ್ತೀರಿ ಅನ್ನುವುದರ ಮೇಲೇ ದಿನದ ವ್ಯಾಪಾರ ನಿಂತಿರುತ್ತದೆ. ಹೊಸದಾಗಿ ಸೇರಿದವರು ಮೊದಲು ಪಾರ್ಕಿನ ಟೈಮ್‌ಟೇಬಲ್ ಬಾಯಿಪಾಠ ಮಾಡಿಕೊಳ್ಳಿ: ಅಲೆ ಎಷ್ಟೊತ್ತಿಗೆ, ರೇನ್ ಡ್ಯಾನ್ಸ್ ಎಷ್ಟೊತ್ತಿಗೆ, ಇವತ್ತು ಶಾಲಾ ಪ್ರವಾಸದ ಬಸ್ಸು ಎಷ್ಟು ಬಂದಿವೆ.

ಪಾಪ್‌ಕಾರ್ನ್ ಸುಲಭ ಅನ್ನುತ್ತಾರೆ. ಅತಿ ಹೆಚ್ಚು ಹಾಳಾಗುವುದೂ ಅದೇ. 8 ಔನ್ಸ್ ಕೆಟಲ್‌ಗೆ (ಮೆಷಿನ್‌ನಲ್ಲಿ ಕಾಳು ಅರಳಿಸುವ ಪಾತ್ರೆ) ಸುಮಾರು 225 ಗ್ರಾಂ ಜೋಳ, 75 ಎಂ.ಎಲ್. ಕೊಬ್ಬರಿ ಎಣ್ಣೆ, ಹಿಟ್ಟಿನಷ್ಟು ನುಣ್ಣಗಿರುವ ಉಪ್ಪು ಒಂದು ಟೀ ಚಮಚ. ಹರಳುಪ್ಪು ಹಾಕಿದರೆ ಅಂಟಿಕೊಳ್ಳದೆ ತಳಕ್ಕೆ ಇಳಿಯುತ್ತದೆ. ಕೆಟಲ್ ಚೆನ್ನಾಗಿ ಕಾದ ಮೇಲೆ ಮೂರನ್ನೂ ಒಟ್ಟಿಗೆ ಹಾಕಿ. ಕಾಳಿನೊಳಗೆ ಶೇ. 14ರ ಆಸುಪಾಸು ತೇವ ಇರುತ್ತದೆ; 180 ಡಿಗ್ರಿ ಹತ್ತಿರ ಬರುವಾಗ ಅದರ ಆವಿಯ ಒತ್ತಡಕ್ಕೆ ಸಿಪ್ಪೆ ಒಡೆದು ಕಾಳು ಅರಳುತ್ತದೆ. ಚೀಲದ ಬಾಯಿ ಬಿಚ್ಚಿಟ್ಟು ಆ ತೇವ ಆರಿಹೋದರೆ ಅರಳದ ಕಾಳು ಹೆಚ್ಚುತ್ತದೆ. ದಿನಕ್ಕೆ ಬೇಕಾದಷ್ಟನ್ನು ಮಾತ್ರ ಡಬ್ಬಿಗೆ ತೆಗೆದು, ಚೀಲ ಬಿಗಿಯಾಗಿ ಕಟ್ಟಿಡಿ.

ಅರಳಿದ ಮೇಲೆ ಸಂಕಟ ತಿರುಗಾ ಮುರುಗಾ. ಪೂಲ್ ಪಕ್ಕದ ಗಾಳಿಯ ಪಸೆಯನ್ನೆಲ್ಲ ಪಾಪ್‌ಕಾರ್ನ್ ಹೀರಿಕೊಂಡು ಮೆತ್ತಗಾಗುತ್ತದೆ. ಬೆಳಿಗ್ಗೆಯೇ ಗಾಜಿನ ಪೆಟ್ಟಿಗೆ ತುಂಬಿಸಿಡುವುದು ನೋಡಲು ಚೆಂದ, ತಿನ್ನಲು ಅಲ್ಲ. ಒಂದು ಬ್ಯಾಚ್‌ಗೆ ಮೂರು ನಿಮಿಷ. ಅಲೆ ನಿಲ್ಲುವ ಹತ್ತು ನಿಮಿಷ ಮೊದಲು ಶುರು ಮಾಡಿದರೆ ಮೂರು ಬ್ಯಾಚ್ ಬಿಸಿಬಿಸಿ ಸಿದ್ಧ. ಸದ್ದಿನ ಮೇಲೆ ಕಿವಿ ಇರಲಿ: ಒಂದು ಟಪ್‌ಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ಸೆಕೆಂಡ್ ಬಿಡುವು ಬಂದರೆ ಕೆಟಲ್ ಬಗ್ಗಿಸಿಬಿಡಿ. ಉಳಿದ ನಾಲ್ಕು ಕಾಳಿಗೆ ಕಾದರೆ ಇಡೀ ಬ್ಯಾಚ್ ಸೀದ ವಾಸನೆ ಹೊಡೆಯುತ್ತದೆ. ಡಿಸೆಂಬರ್‌ನ ಚಳಿಯಲ್ಲಿ, ಪ್ರವಾಸದ ಮಕ್ಕಳು ತುಂಬಿರುವಾಗಲೇ, ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. 24 ಡಿಗ್ರಿಗಿಂತ ತಣ್ಣಗಿದ್ದರೆ ಅದು ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಕೆಲಸಕ್ಕೆ ಬಂದ ತಕ್ಷಣ ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟುಬಿಡಿ. ಗಟ್ಟಿ ಎಣ್ಣೆಯನ್ನು ಅಂದಾಜಿನಲ್ಲಿ ಕೆರೆದು ಹಾಕಿದರೆ ಅಳತೆ ತಪ್ಪುತ್ತದೆ.

ಫ್ರೆಂಚ್ ಫ್ರೈಸ್ ಫ್ರೀಜರ್‌ನಿಂದ, ಮೈನಸ್ 18 ಡಿಗ್ರಿಯಿಂದ, ನೇರ 175–180 ಡಿಗ್ರಿಯ ಎಣ್ಣೆಗೆ ಹೋಗಬೇಕು. ಸುಮಾರು ಮೂರು ನಿಮಿಷ. ಸಾಲು ಉದ್ದ ಇದೆ ಅಂತ ಬುಟ್ಟಿ ತುಂಬ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಎಣ್ಣೆಯ ಕಾವು ಒಮ್ಮೆಲೇ ಇಳಿದು, ಆಲೂಗಡ್ಡೆ ಎಣ್ಣೆ ಕುಡಿದು ಜೋತುಬೀಳುತ್ತದೆ. ಮೂರು ನಿಮಿಷದ ಕೆಲಸ ಆರಾಗುತ್ತದೆ. ಅರ್ಧ ಬುಟ್ಟಿ ಎರಡು ಸಲ ಹಾಕುವುದೇ ಮೇಲು. ಪ್ಯಾಕೆಟ್ ತಳದಲ್ಲಿರುವ ಐಸ್ ಪುಡಿಯನ್ನು ಜಾಡಿಸಿಯೇ ಹಾಕಿ, ಇಲ್ಲದಿದ್ದರೆ ಎಣ್ಣೆ ನೊರೆಯೆದ್ದು ಉಕ್ಕುತ್ತದೆ. ಉಪ್ಪನ್ನು ಫ್ರೈಯರ್ ಮೇಲೆ ಉದುರಿಸಲೇಬೇಡಿ, ಎಣ್ಣೆ ಬೇಗ ಕೆಡುತ್ತದೆ. ಅಕಸ್ಮಾತ್ ಎಣ್ಣೆಗೆ ಬೆಂಕಿ ಹತ್ತಿದರೆ ಸ್ವಿಚ್ ಆಫ್ ಮಾಡಿ ಮುಚ್ಚಳ ಹಾಕಿ. ಸುತ್ತ ಎಲ್ಲೆಲ್ಲೂ ನೀರೇ ಇರುವ ಜಾಗ, ಕೈ ಅತ್ತಲೇ ಹೋಗುತ್ತದೆ. ನೀರು ಮಾತ್ರ ಹಾಕಬಾರದು.

ಮಸಾಲಾ ಕಾರ್ನ್‌ಗೆ ಹೆಚ್ಚು ಹೇಳುವುದಿಲ್ಲ. ಒಂದು ಕಪ್‌ಗೆ 100 ಗ್ರಾಂ ಬೇಯಿಸಿದ ಕಾಳು, 5 ಗ್ರಾಂ ಬೆಣ್ಣೆ, ಉಪ್ಪು, ಖಾರದ ಪುಡಿ, ಚಾಟ್ ಮಸಾಲಾ. ನಿಂಬೆರಸ ಕೊಡುವಾಗ ಮಾತ್ರ. ಬೆಂದ ಕಾಳು 65 ಡಿಗ್ರಿಗಿಂತ ಬಿಸಿಯಾಗಿಯೇ ಇರಬೇಕು. ತುಂಬ ಹೊತ್ತು ಹಬೆಯಲ್ಲಿದ್ದರೆ ಸುಕ್ಕುಗಟ್ಟುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಬೇಯಿಸಿ.

ಇನ್ನು ದುಡ್ಡಿನ ವಿಷಯ. ಈಜುಡುಪಿನಲ್ಲಿ ಬಂದವರ ಫೋನು ಲಾಕರ್‌ನಲ್ಲಿರುತ್ತದೆ. ಪೂಲ್ ಪಕ್ಕದಲ್ಲಿ ಯುಪಿಐ ನೆಚ್ಚಿಕೊಂಡರೆ ಆಗದು. ಒದ್ದೆ ನೋಟು ಬರುತ್ತವೆ. ಚಿಲ್ಲರೆ ಬೆಳಿಗ್ಗೆಯೇ ಎಣಿಸಿಟ್ಟುಕೊಳ್ಳಿ, ಒದ್ದೆ ನೋಟಿಗೆ ಬೇರೆ ತಟ್ಟೆ ಇಡಿ. ನೋಟು ಮುಟ್ಟುವ ಕೈ ತಿಂಡಿ ಮುಟ್ಟಬಾರದು. ಇಬ್ಬರಿದ್ದರೆ ಒಬ್ಬರು ಬಿಲ್ಲಿಗೆ, ಒಬ್ಬರು ತಿಂಡಿಗೆ.

ಕೌಂಟರ್ ಮುಂದೆ ನೀರು ಸುರಿಯುತ್ತಲೇ ಇರುತ್ತದೆ. ವೈಪರ್ ಕೈಗೆಟುಕುವ ಹಾಗಿರಲಿ, ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡವೇ ಬೇಡ. ಕೌಂಟರ್‌ಗೆ 30 ಮಿಲಿಆಂಪಿಯರ್‌ನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್) ಇದೆಯೇ, ಅದರ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆಯೇ, ನೋಡಿಕೊಳ್ಳಿ. ಇದರಲ್ಲಿ ರಾಜಿ ಬೇಡ. ಗಿರಾಕಿಗಳು ಬರಿಗಾಲಲ್ಲಿ, ಒದ್ದೆ ಮೈಯಲ್ಲಿ ನಿಂತಿರುತ್ತಾರೆ.

ಸಂಜೆ ಕೆಟಲ್ ಉಗುರುಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಳಗೆ ಹೀಟರ್ ಇರುವುದರಿಂದ ನೀರಲ್ಲಿ ಮುಳುಗಿಸಬೇಡಿ. ಕರಿದ ಎಣ್ಣೆ ತಣಿದ ಮೇಲೆ ಸೋಸಿ ಮುಚ್ಚಿಡಿ. ಎಣ್ಣೆ ಕಪ್ಪಾಗಿ, ಅಂಟಂಟಾಗಿ, ಕಡಿಮೆ ಕಾವಿಗೇ ಹೊಗೆಯಾಡಿದರೆ ಅದರ ಕಾಲ ಮುಗಿಯಿತು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದ ಪ್ರಕಾರ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್, ಅಂದರೆ ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಅಂಶ, ಶೇ. 25 ದಾಟಿದರೆ ಬಳಸುವಂತಿಲ್ಲ. ಅಳೆಯುವ ಮೀಟರ್ ಸಿಗುತ್ತದೆ, ಮ್ಯಾನೇಜರ್‌ನ ಕೇಳಿ ತರಿಸಿಕೊಳ್ಳಿ. ಹಳೇ ಎಣ್ಣೆಗೆ ಹೊಸದನ್ನು ಬೆರೆಸಿ ದಿನ ದೂಡಿದರೆ ಹೊಸದೂ ಬೇಗ ಕೆಡುತ್ತದೆ. ಹಳೆಯದನ್ನು ಮೋರಿಗೆ ಸುರಿಯದೆ ಡಬ್ಬಿಗೆ ತುಂಬಿ, ತಾರೀಖು ಬರೆದು, ಬಳಸಿದ ಎಣ್ಣೆ ಒಯ್ಯುವ ಏಜೆನ್ಸಿಯವರಿಗೆ ಕೊಡಿ.