ಸತ್ತವರನ್ನು ವಾಪಸ್ ಕರೆಯುವ ಮೊದಲು

ನಾನು ದಿನದ ಧಾರಾವಾಹಿಗೆ ಕಥೆ ಕಟ್ಟುವ ತಂಡದಲ್ಲಿ ಕೆಲಸ ಮಾಡುತ್ತೇನೆ. ಡೈಲಾಗ್ ಬರೆಯುವವರು ಬೇರೆ ಇದ್ದಾರೆ. ನನ್ನ ಕೆಲಸ ಅದಕ್ಕೂ ಮುಂಚಿನದು. ವಾರದ ಎಪಿಸೋಡ್‌ಗಳಿಗೆ ಒನ್‌ಲೈನ್, ಅಂದರೆ ಏನೇನು ನಡೆಯುತ್ತದೆ ಎಂಬ ಚಿಕ್ಕ ಸಾರ, ಮಾಡಬೇಕು, ಯಾವ ಟ್ರ್ಯಾಕ್ ಎಲ್ಲಿಗೆ ಹೋಗಬೇಕು ಅಂತ ನೋಡಿಕೊಳ್ಳಬೇಕು. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದ ವಾರ ಮೀಟಿಂಗ್‌ನಲ್ಲಿ ಒಂದು ಸಲಹೆ ಬಂದೇ ಬರುತ್ತದೆ: "ಸತ್ತು ಹೋದ ಮೊದಲನೇ ಹೆಂಡತೀನ ವಾಪಸ್ ತಂದ್ರೆ ಹೇಗೆ?"

ಆಗ ನಾನು ಅಮೆರಿಕದ ಒಂದು ಕಾಮಿಕ್ಸ್ ಬಗ್ಗೆ ಮಾತು ತೆಗೆಯುತ್ತೇನೆ. ಎಕ್ಸ್-ಮೆನ್. ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವ ಸೂಪರ್‌ಹೀರೋಗಳ ತಂಡದ ಕಥೆ. ಸಿನಿಮಾಗಳಿಂದಾಗಿ ಹೆಸರು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕೆಲಸಕ್ಕೆ ಬೇಕಾದ ಪಾಠ ಇರುವುದು ಪುಸ್ತಕದಲ್ಲಿ. ದಶಕಗಟ್ಟಲೆ ಸಂಚಿಕೆ ಸಂಚಿಕೆಯಾಗಿ ಬೆಳೆದ ಕಥೆ ಅದು. ಎಲ್ಲಿ ಕಳೆ ಬಂತು, ಎಲ್ಲಿ ಹೋಯಿತು ಅಂತ ಪುಟ ತಿರುಗಿಸಿ ನೋಡಬಹುದು. ಧಾರಾವಾಹಿಯಲ್ಲಿ ಆ ಅನುಕೂಲ ಕಡಿಮೆ. ನಾನೂರನೇ ಎಪಿಸೋಡ್ ಬರೆಯುವವರು ಅರವತ್ತನೇ ಎಪಿಸೋಡ್ ತೆಗೆದು ನೋಡುವುದು ಅಪರೂಪ.

ಸ್ಟಾನ್ ಲೀ ಮತ್ತು ಜಾಕ್ ಕರ್ಬಿ 1963ರಲ್ಲಿ ಇದನ್ನು ಶುರು ಮಾಡಿದರು. ಅಷ್ಟಾಗಿ ಓಡಲಿಲ್ಲ. 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆ ನಿಂತೇಹೋಯಿತು. ಆಮೇಲೆ 93ನೇ ಸಂಚಿಕೆಯವರೆಗೆ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿದರು. 1975ರಲ್ಲಿ ಲೆನ್ ವೀನ್ ಮತ್ತು ಚಿತ್ರಕಾರ ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದರು. ಕೀನ್ಯಾದಲ್ಲಿ ಸಿಕ್ಕ ಸ್ಟಾರ್ಮ್, ಜರ್ಮನಿಯ ನೈಟ್‌ಕ್ರಾಲರ್, ರಷ್ಯಾದ ಕೊಲಾಸಸ್, ಕೆನಡಾದ ವೊಲ್ವರಿನ್. 94ನೇ ಸಂಚಿಕೆಯಿಂದ ಬರವಣಿಗೆ ಕ್ರಿಸ್ ಕ್ಲೇರ್‌ಮಾಂಟ್ ಎಂಬ ಯುವಕನ ಕೈಗೆ ಬಂತು. 95ನೇ ಸಂಚಿಕೆಯಲ್ಲೇ ಆ ಹೊಸ ತಂಡದ ಥಂಡರ್‌ಬರ್ಡ್ ಸತ್ತ. ಇಲ್ಲಿ ಯಾರಿಗೆ ಬೇಕಾದರೂ ಏನು ಬೇಕಾದರೂ ಆಗಬಹುದು ಅಂತ ಓದುಗರಿಗೆ ಆಗಲೇ ಗೊತ್ತಾಯಿತು. ಅದು ಯಾರಿಗೂ ದೊಡ್ಡ ನಿರೀಕ್ಷೆ ಇಲ್ಲದ ಪುಸ್ತಕ. ಹಾಗಾಗಿಯೇ ಧೈರ್ಯ ಮಾಡಲು ಜಾಗ ಇತ್ತು ಅಂತ ನನ್ನ ನಂಬಿಕೆ.

ಕ್ಲೇರ್‌ಮಾಂಟ್ ಸುಮಾರು 16 ವರ್ಷ ಈ ಕಥೆ ಬರೆದರು. ದಿನಾ ಬರೆಯುವ ನಮ್ಮಂಥವರಿಗೆ ಈ ಒಂದು ಸಂಗತಿಯೇ ದೊಡ್ಡದು. ಒಂದೇ ಕೈ, ಒಂದೇ ಜನ, ಅಷ್ಟು ವರ್ಷ.

ಅದರಲ್ಲಿ 137ನೇ ಸಂಚಿಕೆ ಬಂದದ್ದು 1980ರಲ್ಲಿ. ಚಿತ್ರ ಜಾನ್ ಬರ್ನ್ ಅವರದು. ತಂಡದ ಜೀನ್ ಗ್ರೇ ತನ್ನೊಳಗೆ ಸೇರಿದ ಫೀನಿಕ್ಸ್ ಎಂಬ ಅಪಾರ ಶಕ್ತಿಯ ಹಸಿವಿನಲ್ಲಿ ಒಂದು ನಕ್ಷತ್ರವನ್ನೇ ನುಂಗಿರುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದ ಜನರೆಲ್ಲ ಸತ್ತಿರುತ್ತಾರೆ. ಬರೆದವರು ಮೊದಲು ಯೋಚಿಸಿದ್ದ ಮುಕ್ತಾಯದಲ್ಲಿ ಅವಳ ಶಕ್ತಿ ಮಾತ್ರ ಹೋಗುತ್ತದೆ, ಅವಳು ಬದುಕುತ್ತಾಳೆ. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಇಡೀ ಗ್ರಹದ ಜನರನ್ನು ಕೊಂದವಳು ಹಾಗೇ ಮನೆಗೆ ಹೋಗುವುದು ಸರಿಯಲ್ಲ ಎಂಬುದು ಅವರ ವಾದ. ಕೊನೆಯ ಪುಟಗಳನ್ನು ಮತ್ತೆ ಬರೆದು, ಮತ್ತೆ ಚಿತ್ರಿಸಿದರು. ಚಂದ್ರನ ಮೇಲೆ, ತಾನು ಪ್ರೀತಿಸಿದ, ತಂಡದ ನಾಯಕ ಸ್ಕಾಟ್‌ನ ಕಣ್ಣೆದುರೇ ಜೀನ್ ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾಳೆ. ಮೇಲಿನಿಂದ ಬಂದ ಬದಲಾವಣೆ ಕಥೆಯನ್ನು ಕೆಡಿಸುತ್ತದೆ ಅಂತ ನಾವು ಸಾಮಾನ್ಯವಾಗಿ ಗೊಣಗುತ್ತೇವೆ, ಅಲ್ವಾ? ಇಲ್ಲಿ ಅದೇ ಬದಲಾವಣೆ ಕಥೆಯನ್ನು ಎತ್ತಿ ನಿಲ್ಲಿಸಿತು. ಮೊದಲಿನ ಮುಕ್ತಾಯವನ್ನು 1984ರಲ್ಲಿ ಬೇರೆ ಪುಸ್ತಕವಾಗಿ ಹೊರತಂದರು. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಜೀನ್ ಹೋದಮೇಲೆ ಸ್ಕಾಟ್‌ಗೂ ಒಂದು ಬದುಕು ಕೊಟ್ಟರು. 1983ರಲ್ಲಿ ಅವನಿಗೆ ಮ್ಯಾಡೆಲಿನ್ ಪ್ರಯರ್ ಸಿಗುತ್ತಾಳೆ. ಅಲಾಸ್ಕಾದಲ್ಲಿ ವಿಮಾನ ಓಡಿಸುವವಳು, ನೋಡಲು ಜೀನ್ ಥರವೇ. ಅದೇ ವರ್ಷ 175ನೇ ಸಂಚಿಕೆಯಲ್ಲಿ ಮದುವೆ. 201ರಲ್ಲಿ ಗಂಡು ಮಗು. ಅದು 1986ರ ಜನವರಿ ಸಂಚಿಕೆ. ನಾಯಕ ದುಃಖದಿಂದ ಎದ್ದು, ಮನೆ ಕಟ್ಟಿ, ಅಪ್ಪನೂ ಆಗಿ ಕಥೆಯಿಂದ ಗೌರವವಾಗಿ ಹೊರಗೆ ಹೋಗಬಹುದಿತ್ತು. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಇಂಥ ಬಾಗಿಲು ತೆರೆಯುವುದೇ ಕಡಿಮೆ.

ಫೆಬ್ರವರಿ ಸಂಚಿಕೆಯಾಗಿ ಬಂತು ಎಕ್ಸ್-ಫ್ಯಾಕ್ಟರ್ ಎಂಬ ಹೊಸ ಪುಸ್ತಕ. 1963ರ ಮೂಲ ಐವರನ್ನು ಮತ್ತೆ ಸೇರಿಸಬೇಕು ಎಂಬುದೇ ಅದರ ಯೋಜನೆ. ಐವರಲ್ಲಿ ಒಬ್ಬಳು ಸತ್ತಿದ್ದಾಳಲ್ಲ! ಅದಕ್ಕೆ ದಾರಿ ಹುಡುಕಿದರು. ಸತ್ತವಳು ನಿಜವಾದ ಜೀನ್ ಅಲ್ಲ, ಆ ಶಕ್ತಿಯೇ ಅವಳ ರೂಪ ತಾಳಿತ್ತು, ನಿಜವಾದವಳು ನ್ಯೂಯಾರ್ಕ್‌ನ ಜಮೈಕಾ ಬೇ ತಳದಲ್ಲಿ ಒಂದು ಗೂಡಿನೊಳಗೆ ಮಲಗಿದ್ದಳು ಅಂತ. ಸುದ್ದಿ ಸ್ಕಾಟ್‌ಗೆ ತಲುಪುತ್ತದೆ. ಅವನು ಹೆಂಡತಿ, ಹಸುಗೂಸು ಇಬ್ಬರನ್ನೂ ಬಿಟ್ಟು ಹೊರಡುತ್ತಾನೆ.

ಈ ಕಡೆ ನಾನು ಯಾವಾಗಲೂ ನಿಲ್ಲುತ್ತೇನೆ. ಜೀನ್ ವಾಪಸ್ ಬಂದದ್ದು ನಂಬುವಂತಿದೆಯೋ ಇಲ್ಲವೋ ಅಂತ ಓದುಗರು ವಾದ ಮಾಡುತ್ತಾರೆ. ನನಗೆ ಅದು ಮುಖ್ಯ ಅನಿಸುವುದಿಲ್ಲ. ಕಾಮಿಕ್ಸ್‌ನಲ್ಲಿ ಗೂಡೂ ಇರುತ್ತದೆ, ಧಾರಾವಾಹಿಯಲ್ಲಿ ನದಿಗೆ ಬಿದ್ದು ನೆನಪು ಕಳೆದುಕೊಂಡವರೂ ಇರುತ್ತಾರೆ. ನೋಡುವವರು ಅದನ್ನು ಒಪ್ಪುತ್ತಾರೆ. ನಾನು ಕೇಳುವುದು ಬೇರೆ. ಈ ವಾಪಸಾತಿಗೆ ಬೆಲೆ ತೆತ್ತವರು ಯಾರು? ಜೀನ್ ಅಲ್ಲ. ಮ್ಯಾಡೆಲಿನ್. ಏನೂ ತಪ್ಪು ಮಾಡದವಳು ಒಂದೇ ತಿಂಗಳಲ್ಲಿ ಅಡ್ಡಿಯಾದಳು. ಅಡ್ಡಿಯಾದವಳನ್ನು ಏನಾದರೂ ಮಾಡಬೇಕಲ್ಲ, ಮುಂದೆ ಇನ್‌ಫರ್ನೋ ಕಥೆಯಲ್ಲಿ ಅವಳನ್ನು ಜೀನ್‌ಳ ನಕಲು ಅಂತ ಮಾಡಿದರು, ಖಳನಾಯಕಿ ಮಾಡಿದರು, ಕೊಂದರು. ಸ್ಕಾಟ್ ಹೆಂಡತಿ ಮಗುವನ್ನು ಬಿಟ್ಟು ಓಡಿದವನು ಎಂಬ ಕಲೆಯನ್ನು ಒರೆಸಲು ಆಮೇಲೆ ಬಂದ ಬರಹಗಾರರೆಲ್ಲ ಒದ್ದಾಡಿದರು. 137ರಲ್ಲಿ ಅತ್ತ ಓದುಗರ ಅಳುವಿಗೂ ಅರ್ಥ ಉಳಿಯಲಿಲ್ಲ. ಕ್ಲೇರ್‌ಮಾಂಟ್‌ಗೆ ಈ ನಿರ್ಧಾರ ಇಷ್ಟ ಇರಲಿಲ್ಲ. ಆದರೆ ಅದು ಅವರ ಪುಸ್ತಕದಲ್ಲಿ ಆದ ನಿರ್ಧಾರ ಅಲ್ಲ. ಬೇರೆ ಪುಸ್ತಕದಲ್ಲಿ ಆಯಿತು, ಪರಿಣಾಮ ಇವರ ಪುಸ್ತಕಕ್ಕೆ ಬಂತು.

ನಮ್ಮಲ್ಲೂ ಹೀಗೆ ಆಗುತ್ತದೆ. ಎರಡು ಧಾರಾವಾಹಿ ಸೇರಿಸಿ ಮಹಾಸಂಗಮ ಮಾಡುವಾಗ ಒಂದು ತಂಡದವರು ಇನ್ನೊಂದು ತಂಡದ ಪಾತ್ರದ ಬಾಯಲ್ಲಿ ಒಂದು ಮಾತು ಹಾಕಿ ಹೋಗುತ್ತಾರೆ. ಆ ಮಾತನ್ನು ತಿಂಗಳುಗಟ್ಟಲೆ ಹೊತ್ತು ನಡೆಯುವುದು ನಾವು. ಎಕ್ಸ್-ಮೆನ್‌ನಲ್ಲೂ 1986ರಿಂದ ಹಲವು ಪುಸ್ತಕಗಳಲ್ಲಿ ಹರಡಿಕೊಂಡ ಇಂಥ ಜಂಟಿ ಕಥೆಗಳು ಶುರುವಾದವು. ಚೆನ್ನಾಗಿ ಮಾರಾಟವಾದವು. ಆಮೇಲೆ ನಿಲ್ಲಲೇ ಇಲ್ಲ.

ಈಗ ಅಂಕಿಯ ವಿಷಯ. 1991ರಲ್ಲಿ ಎಕ್ಸ್-ಮೆನ್ ಹೆಸರಿನ ಇನ್ನೊಂದು ಪುಸ್ತಕದ ಮೊದಲ ಸಂಚಿಕೆ ಬಂತು. ಬರಹ ಕ್ಲೇರ್‌ಮಾಂಟ್, ಚಿತ್ರ ಜಿಮ್ ಲೀ. ಅದು 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಯಿತು. ಗಿನ್ನೆಸ್ ದಾಖಲೆ. ಒಂದೇ ಕಥೆಗೆ ಐದು ಥರದ ಮುಖಪುಟ. ನಾಲ್ಕು ಪಕ್ಕಪಕ್ಕ ಇಟ್ಟರೆ ಒಂದು ದೊಡ್ಡ ಚಿತ್ರ, ಐದನೆಯದರಲ್ಲಿ ಆ ಇಡೀ ಚಿತ್ರ ಮಡಚಿಟ್ಟಿತ್ತು. ಎಷ್ಟೋ ಜನ ಐದನ್ನೂ ಕೊಂಡರು. ಮುಂದೆ ಬೆಲೆ ಬರುತ್ತದೆ ಅಂತ ಕಟ್ಟು ಕಟ್ಟಾಗಿ ಎತ್ತಿಟ್ಟವರೂ ಇದ್ದರು. ಇಷ್ಟು ದೊಡ್ಡ ಅಂಕಿ ಬಂದ ಪುಸ್ತಕವನ್ನು ಕ್ಲೇರ್‌ಮಾಂಟ್ ಮೂರನೇ ಸಂಚಿಕೆಗೆ ಬಿಟ್ಟು ಹೋದರು. ಕಥೆ ಎತ್ತ ಹೋಗಬೇಕು ಎಂಬುದರಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ.

ಆ ಮೂರು ಸಂಚಿಕೆಗಳಲ್ಲಿ ಇನ್ನೊಂದು ನಷ್ಟ ಇದೆ. ಎಕ್ಸ್-ಮೆನ್ ತಂಡದ ಹಳೆಯ ಶತ್ರು ಮ್ಯಾಗ್ನೆಟೊ. ಅವನನ್ನು ಬರೀ ಖಳನಿಂದ ಮನುಷ್ಯನನ್ನಾಗಿ ಮಾಡಲು ಕ್ಲೇರ್‌ಮಾಂಟ್ ವರ್ಷಗಟ್ಟಲೆ ತೆಗೆದುಕೊಂಡಿದ್ದರು. 1981ರ 150ನೇ ಸಂಚಿಕೆಯಲ್ಲಿ ಒಂದು ದೃಶ್ಯ ಇದೆ. ಜಗಳದ ಬಿರುಸಿನಲ್ಲಿ ಮ್ಯಾಗ್ನೆಟೊ ಕಿಟ್ಟಿ ಪ್ರೈಡ್ ಎಂಬ ಹುಡುಗಿಯನ್ನು ಹೊಡೆದು ಬೀಳಿಸುತ್ತಾನೆ. ಸತ್ತಳು ಅಂದುಕೊಂಡು ಎತ್ತಿಕೊಳ್ಳುತ್ತಾನೆ. ಇನ್ನೂ ಮಗು. ಅವನು ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದವನು. ತನ್ನವರನ್ನು ಕೊಂದವರ ಹಾಗೇ ತಾನೂ ಆಗಿಬಿಟ್ಟೆ ಅಂತ ಅವನಿಗೆ ಅಲ್ಲೇ ಹೊಳೆಯುತ್ತದೆ. ಕೈಯಲ್ಲಿದ್ದ ಜಗಳ ಬಿಡುತ್ತಾನೆ. ಅಲ್ಲಿಂದ 200ನೇ ಸಂಚಿಕೆಯವರೆಗೆ ಬಂದರೆ ಅವನು ಪ್ಯಾರಿಸ್‌ನ ನ್ಯಾಯಾಲಯದಲ್ಲಿ ವಿಚಾರಣೆಗೆ ನಿಲ್ಲುತ್ತಾನೆ, ಆಮೇಲೆ ಎಕ್ಸ್-ಮೆನ್ ತಂಡದ ಮಕ್ಕಳ ಶಾಲೆಯನ್ನೇ ವಹಿಸಿಕೊಳ್ಳುತ್ತಾನೆ. ಒಂದು ಪಾತ್ರವನ್ನು ಇಷ್ಟು ತಾಳ್ಮೆಯಿಂದ ಬೆಳೆಸುವುದು ಎಷ್ಟು ಕಷ್ಟ ಅಂತ ವಾರಕ್ಕೆ ಐದು ಎಪಿಸೋಡ್ ಕೊಡುವವರಿಗೆ ಗೊತ್ತು. 1991ರಲ್ಲಿ ಅವನನ್ನು ಮತ್ತೆ ಖಳನ ಜಾಗದಲ್ಲಿ ನಿಲ್ಲಿಸಿದರು. ದೊಡ್ಡ ಬಿಡುಗಡೆಗೆ ಎಲ್ಲರಿಗೂ ಗೊತ್ತಿರುವ ಶತ್ರು ಬೇಕಿತ್ತು.

ಮರುವರ್ಷ ಜಿಮ್ ಲೀ ಕೂಡ ಹೊರಟು, ಬೇರೆ ಆರು ಚಿತ್ರಕಾರರ ಜೊತೆ ಇಮೇಜ್ ಕಾಮಿಕ್ಸ್ ಕಟ್ಟಿದರು. ಆದರೂ ಪುಸ್ತಕ ಮಾರಾಟವಾಗುತ್ತಲೇ ಇತ್ತು. ಎತ್ತಿಟ್ಟ ಕಟ್ಟುಗಳಿಗೆ ಬೆಲೆ ಇಲ್ಲ ಅಂತ ಗೊತ್ತಾದಮೇಲೆ ಇಡೀ ಮಾರುಕಟ್ಟೆ ಕುಸಿಯಿತು. 1996ರ ಡಿಸೆಂಬರ್‌ನಲ್ಲಿ ಎಕ್ಸ್-ಮೆನ್ ಪ್ರಕಟಿಸುವ ಮಾರ್ವೆಲ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಕಾರಣ ಬೇರೆಬೇರೆ ಇವೆ, ಸಾಲವೂ ಇತ್ತು. ನನಗೆ ಇದರಲ್ಲಿ ಮುಖ್ಯವಾದದ್ದು ಕಾಲದ ಅಂತರ. ಕಥೆಯ ಜೀವ ಹೋದದ್ದು ಮೊದಲು, ಅಂಕಿ ಬಿದ್ದದ್ದು ಎಷ್ಟೋ ಆಮೇಲೆ. ನೋಡುವವರು ಅಭ್ಯಾಸಬಲದಿಂದ ಸ್ವಲ್ಪ ಕಾಲ ನೋಡುತ್ತಾರೆ. ಅದನ್ನು ನಾವು ಮೆಚ್ಚುಗೆ ಅಂದುಕೊಳ್ಳುತ್ತೇವೆ.

ಇತ್ತೀಚೆಗೆ ನಮ್ಮ ತಂಡದಲ್ಲೂ ಇದೇ ಪ್ರಶ್ನೆ ಬಂತು. ನಾಯಕನ ಮೊದಲ ಹೆಂಡತಿ ಅಪಘಾತದಲ್ಲಿ ಹೋಗಿರುತ್ತಾಳೆ, ಶವ ಸಿಕ್ಕಿರುವುದಿಲ್ಲ. ಎರಡನೆಯವಳು ಮನೆ, ಮಗು, ಅತ್ತೆಯ ಟೈಲರಿಂಗ್ ಅಂಗಡಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತವಳು. ಚಾನೆಲ್‌ನಿಂದ ಸಲಹೆ ಬಂತು, ಮೊದಲನೆಯವಳು ಬರಲಿ ಅಂತ. ಪ್ರೊಮೊಗೆ ಚೆನ್ನಾಗಿರುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಬೋರ್ಡ್ ಮೇಲೆ ವಾಪಸ್ ಬರುವವಳ ಹೆಸರು ಬರೆಯುವ ಬದಲು ಎರಡನೆಯವಳ ಹೆಸರು ಬರೆದೆ. ಅವಳ ಮುಂದಿನ ದೃಶ್ಯಗಳನ್ನು ಒಂದೊಂದಾಗಿ ಹೇಳಿ ಅಂತ ಎಲ್ಲರನ್ನೂ ಕೇಳಿದೆ. ಅಳುತ್ತಾಳೆ. ಅನುಮಾನ ಪಡುತ್ತಾಳೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಮತ್ತೆ ಅಳುತ್ತಾಳೆ. ಅಂಗಡಿ? ಅದರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಮೆಲ್ಲಗೆ, "ಅಕ್ಕಾ, ಇವಳಿಗೆ ಮಾಡೋಕೆ ಏನೂ ಉಳಿಯಲ್ವಲ್ಲ" ಅಂದಳು. ನಾನು ಹೇಳಬೇಕೆಂದಿದ್ದನ್ನು ಅವಳೇ ಹೇಳಿದ್ದಳು.

ಆಮೇಲೆ ನಾವು ಮೊದಲ ಹೆಂಡತಿಯ ತಾಯಿಯನ್ನು ತಂದೆವು. ಮೊಮ್ಮಗು ತನಗೆ ಬೇಕು ಅಂತ ಬರುವ ಅಜ್ಜಿ. ಸತ್ತವಳ ನೆನಪು ಮನೆಯೊಳಗೆ ಬಂತು, ಸಾವು ಸುಳ್ಳಾಗಲಿಲ್ಲ. ಅಜ್ಜಿ ಮಗಳ ಹಳೆಯ ಬ್ಲೌಸ್ ಒಂದನ್ನು ಹಿಡಿದು ಅಂಗಡಿಗೆ ಬಂದು, ಮೊಮ್ಮಗಳ ಅಳತೆಗೆ ಲಂಗದ ರವಿಕೆ ಮಾಡಿಕೊಡು ಅಂತ ಎರಡನೆಯವಳನ್ನೇ ಕೇಳುವ ದೃಶ್ಯ ಅಲ್ಲಿಂದ ಹುಟ್ಟಿತು. ಇಷ್ಟು ಕಾಲದಲ್ಲಿ ನಾವು ಮಾಡಿದ ಒಳ್ಳೆಯ ದೃಶ್ಯಗಳಲ್ಲಿ ಅದೂ ಒಂದು. ಟಿಆರ್‌ಪಿ ಹಾರಲಿಲ್ಲ, ಇಳಿಯುವುದು ನಿಂತಿತು. ಚಾನೆಲ್‌ನವರು ಸದ್ಯಕ್ಕೆ ಒಪ್ಪಿದ್ದಾರೆ.

ಸತ್ತವರನ್ನು ಕರೆತರಲೇಬಾರದು ಅಂತ ನಾನು ವಾದ ಮಾಡುವುದಿಲ್ಲ. ಎಕ್ಸ್-ಮೆನ್‌ನಲ್ಲೇ ಅದಕ್ಕೆ ಉತ್ತರ ಇದೆ. 2019ರಲ್ಲಿ ಜೊನಾಥನ್ ಹಿಕ್‌ಮನ್ ಎಂಬ ಬರಹಗಾರರು ಬಂದು, ಇಲ್ಲಿ ಸತ್ತವರೆಲ್ಲ ವಾಪಸ್ ಬರುತ್ತಾರೆ ಎಂಬ ಹಳೆಯ ದೂರನ್ನೇ ಕಥೆಯ ನಿಯಮ ಮಾಡಿದರು. ಕ್ರಕೋವಾ ದ್ವೀಪದಲ್ಲಿ ವಿಶೇಷ ಶಕ್ತಿಯ ಬೇರೆ ಐವರು ಸೇರಿ ಸತ್ತವರಿಗೆ ಮತ್ತೆ ದೇಹ ಕೊಡುತ್ತಾರೆ. ಸಾವೇ ಇಲ್ಲದ ಜನ ಹೇಗೆ ಬದುಕುತ್ತಾರೆ, ಯಾರನ್ನು ಮೊದಲು ಕರೆಯಬೇಕು, ಕರೆಯುವ ಅಧಿಕಾರ ಯಾರದು, ಹೀಗೆ ಹೊಸ ಪ್ರಶ್ನೆಗಳು ಎದ್ದವು. ಬೆಲೆ ಯಾರೋ ಒಬ್ಬಳ ತಲೆಗೆ ಬೀಳಲಿಲ್ಲ, ಎಲ್ಲರಿಗೂ ಹಂಚಿಹೋಯಿತು. ಹಲವು ವರ್ಷಗಳ ಮೇಲೆ ಪುಸ್ತಕಕ್ಕೆ ಮತ್ತೆ ಕಳೆ ಬಂತು. ಅದು ಎಷ್ಟು ಚೆನ್ನಾಗಿ ಓಡಿತೆಂದರೆ, ಹಿಕ್‌ಮನ್ ಮುಂದಿನ ಭಾಗಕ್ಕೆ ಹೋಗೋಣ ಅಂದಾಗ ಜೊತೆಯ ಬರಹಗಾರರಿಗೆ ಅಲ್ಲೇ ಇನ್ನಷ್ಟು ಕಾಲ ಇರಬೇಕು ಅನಿಸಿತು. ಅವರು 2021ರ ಕೊನೆಗೆ ಹೊರಟರು. ಉಳಿದವರು ಆ ಕಥೆಯನ್ನು 2024ರವರೆಗೆ ನಡೆಸಿದರು. ಹಿಟ್ ಆದ ಟ್ರ್ಯಾಕ್ ಎಳೆಯಿರಿ ಎಂಬ ಒತ್ತಡ ಮೇಲಿನವರಿಂದಲೇ ಬರಬೇಕಿಲ್ಲ. ಅದು ಪಕ್ಕದ ಕುರ್ಚಿಯಿಂದಲೂ ಬರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳಿದರೆ ನಾನು ಓದಲು ಹೇಳುವ ಕ್ರಮ ಇದು. 94ರಿಂದ 137ರವರೆಗೆ ಬಿಡದೆ ಓದಿ. 150ನ್ನು ಬಿಡಬೇಡಿ. ಆಮೇಲೆ 168ರಿಂದ 175. ಆಮೇಲೆ 201, ಅದರ ಬೆನ್ನಿಗೇ ಎಕ್ಸ್-ಫ್ಯಾಕ್ಟರ್‌ನ ಮೊದಲ ಸಂಚಿಕೆ. ಓದುವಾಗ ಮ್ಯಾಡೆಲಿನ್ ಎಲ್ಲೆಲ್ಲಿ ಬರುತ್ತಾಳೆ, ಪ್ರತಿ ಸಲ ಏನು ಮಾಡುತ್ತಾಳೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಆ ಹಾಳೆ ಇಟ್ಟುಕೊಂಡು ಮೀಟಿಂಗ್‌ಗೆ ಬನ್ನಿ, ಕೂತು ಮಾತಾಡೋಣ.