ಲೆಕ್ಕ ಇದೆ, ಲೆಕ್ಕ ಮಾಡುವ ರೀತಿ?

2014 ಜುಲೈ 10, ಗುರುವಾರ. ಶಿರಸಿ

ಸೊಸೈಟಿಯ ಸರ್ವರ್ ಎದ್ದಿದೆ. ಬಡ್ಡಿ ಲೆಕ್ಕದ ಹೊಸ ಪ್ರೊಸೀಜರ್ ಕೂಡ ಕೂತಿದೆ. ಆದರೂ ಸಮಾಧಾನ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್ ಮುಗಿದ ಮೇಲೆ ಸೊಸೈಟಿಯಲ್ಲಿ ಬಡ್ಡಿ ಹಾಕುವ ಗಡಿಬಿಡಿ ನಿಮಗೆ ಗೊತ್ತೇ ಇದೆ. ಈ ಸಲ ನಿಯಮ ಸ್ವಲ್ಪ ಬದಲಾಗಿದ್ದರಿಂದ ಹೊಸದೊಂದು ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸಿನೊಳಗೇ ಬರೆದಿಡುವ ಕೋಡು, ಹಾಕಬೇಕಿತ್ತು. ಕ್ರಿಯೇಟ್ ಪ್ರೊಸೀಜರ್ ಕೊಟ್ಟೆ. ಎರರ್ 2013, ಕನೆಕ್ಷನ್ ಹೋಯ್ತು. ಕೌಂಟರಿನಲ್ಲಿ ಎಲ್ಲರ ಪರದೆಯೂ ನಿಂತಿತು, ಸ್ವಲ್ಪ ಹೊತ್ತಿಗೆ ತಾನಾಗೇ ಮತ್ತೆ ಬಂತು. ಲಾಗ್ ತೆಗೆದರೆ ಸಿಗ್ನಲ್ 11. ಅಂದರೆ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಸತ್ತಿದೆ, ಕಾವಲಿಗಿರುವ ಸ್ಕ್ರಿಪ್ಟ್ ಅದನ್ನು ಮತ್ತೆ ಎಬ್ಬಿಸಿದೆ. ಸಾಲದ ಕಂತು ಕಟ್ಟಲು ಮಳೆಯಲ್ಲಿ ನೆನೆದು ಬಂದವರು ಸಾಲಿನಲ್ಲಿದ್ದರು, ಹಗಲು ಮತ್ತೆ ಮುಟ್ಟಲಿಲ್ಲ.

ಕೌಂಟರ್ ಮುಚ್ಚಿದ ಮೇಲೆ ಕೂತೆ. ಪ್ರೊಸೀಜರನ್ನು ಕತ್ತರಿಸುತ್ತಾ ಹೋದೆ. ಲೂಪ್ ತೆಗೆದೆ, ಕರ್ಸರ್ ತೆಗೆದೆ, ಕೊನೆಗೆ ಒಳಗೆ ಉಳಿದಿದ್ದು ಬರೀ 1 ಅಂತ ತೋರಿಸುವ ಸೆಲೆಕ್ಟ್ 1 ಮಾತ್ರ. ಆಗಲೂ ಸತ್ತಿತು. ಹಾಗಾದರೆ ತೊಂದರೆ ನಾವು ಬರೆದ ಕೋಡಿನಲ್ಲಿಲ್ಲ. ವಿಚಿತ್ರ ಏನು ಅಂದರೆ ಹಳೇ ಪ್ರೊಸೀಜರುಗಳೆಲ್ಲ ಚೆನ್ನಾಗೇ ಓಡುತ್ತಿದ್ದವು. ಓದಲು ಬರುತ್ತದೆ, ಬರೆಯಲು ಹೋದರೆ ಸಾಯುತ್ತದೆ! ನಮ್ಮ ಆವೃತ್ತಿಯಲ್ಲಿ ಪ್ರೊಸೀಜರುಗಳೆಲ್ಲ ಕೂರುವುದು ಮೈಎಸ್‌ಕ್ಯೂಎಲ್‌ನ ಸ್ವಂತ ಡೇಟಾಬೇಸಿನಲ್ಲಿರುವ ಪ್ರೊಕ್ ಅನ್ನುವ ಟೇಬಲಿನಲ್ಲಿ. ಅದು ಸರಿ ಇದೆಯಾ ಅಂತ ನೋಡಲು ಚೆಕ್ ಟೇಬಲ್ ಕೊಟ್ಟೆ. ಕರಪ್ಟ್, ಅಂದರೆ ಕೆಟ್ಟಿದೆ ಅಂತ ಬಂತು.

ನಮ್ಮದು 5.5. ಈ ಆವೃತ್ತಿಯಿಂದ ಹೊಸ ಟೇಬಲುಗಳಿಗೆ ಇನ್ನೋಡಿಬಿ ಅನ್ನುವ ಶೇಖರಣೆಯ ವಿಧಾನವೇ ಡಿಫಾಲ್ಟ್, ಕರೆಂಟ್ ಹೋದರೂ ಲಾಗ್ ನೋಡಿಕೊಂಡು ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ಸದಸ್ಯರ ಖಾತೆಗಳೆಲ್ಲ ಅದರಲ್ಲೇ ಇವೆ. ಆದರೆ ಪ್ರೊಕ್ ಟೇಬಲ್ ಇನ್ನೂ ಮೈಐಸ್ಯಾಮ್ ಅನ್ನುವ ಹಳೇ ವಿಧಾನದಲ್ಲಿದೆ, ಅದಕ್ಕೆ ಆ ಶಕ್ತಿ ಇಲ್ಲ. ಅಳಿಸಿದ ಸಾಲುಗಳ ಜಾಗವನ್ನು ಅದು ಒಂದಕ್ಕೊಂದು ಕೊಂಡಿ ಹಾಕಿ ನೆನಪಿಟ್ಟುಕೊಳ್ಳುತ್ತದೆ, ಹೊಸ ಸಾಲು ಬಂದಾಗ ಮೊದಲು ಅಲ್ಲಿಗೇ ಹೋಗುತ್ತದೆ. ಆ ಕೊಂಡಿ ತಪ್ಪಿದ್ದರೆ ಹಳೆಯದನ್ನು ಓದುವಾಗ ಏನೂ ಗೊತ್ತಾಗುವುದಿಲ್ಲ, ಬರೆಯುವಾಗಲೇ ಸಿಕ್ಕಿಬೀಳುತ್ತದೆ. ಈ ಮಳೆಗೆ ಕರೆಂಟ್ ಹೇಗೆ ಹೋಗಿ ಬರುತ್ತಿದೆ, ಯುಪಿಎಸ್ ಬ್ಯಾಟರಿ ಎಷ್ಟು ಹಳೇದು, ಎಲ್ಲ ನಿಮಗೆ ಗೊತ್ತು.

ರಿಪೇರಿಗೆ ಕೈ ಹಾಕುವ ಮೊದಲು ಹೆದರಿಕೆ ಆಯ್ತು. ರಿಪೇರ್ ಟೇಬಲ್ ಕೆಲವೊಮ್ಮೆ ಸಾಲುಗಳನ್ನೇ ಬಿಟ್ಟುಬಿಡುತ್ತದೆ. ಸೊಸೈಟಿಯ ಹಳೇ ನೌಕರರಾದ ಭಟ್ರು ಇನ್ನೂ ಮನೆಗೆ ಹೋಗಿರಲಿಲ್ಲ, ಕೊಡೆ ಮಡಚಿಟ್ಟು ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

"ಎಂತ ಆಯ್ತು ತಮಾ, ಸದಸ್ಯರ ಬಾಕಿ ಎಲ್ಲ ಇದೆ ಅಲ್ವಾ?"

"ಬಾಕಿ ಎಲ್ಲ ಸರಿ ಇದೆ ಭಟ್ರೇ. ಬಡ್ಡಿ ಹಾಕೋದು ಹೇಗೆ ಅಂತ ಬರೆದಿಟ್ಟ ಜಾಗ ಕೆಟ್ಟಿದೆ."

"ಬ್ಯಾಕಪ್ಪಲ್ಲಿ ಇರ್ತದಲ್ಲ ಅದು? ದಿನಾ ರಾತ್ರಿ ತಗೊಳ್ತೇವೆ ಅಂತ ಸಭೇಲಿ ಹೇಳಿದ್ರಪ್ಪ."

ಬ್ಯಾಕಪ್ ಫೈಲ್ ತೆಗೆದು ಹುಡುಕಿದೆ. ಟೇಬಲುಗಳಿವೆ, ಟ್ರಿಗರುಗಳೂ ಇವೆ. ಪ್ರೊಸೀಜರ್ ಒಂದೂ ಇಲ್ಲ. ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್‌ಗೆ ರೂಟೀನ್ಸ್ ಅಂತ ಬೇರೆಯಾಗಿ ಹೇಳದಿದ್ದರೆ ಅದು ಅವನ್ನು ತೆಗೆದುಕೊಳ್ಳುವುದೇ ಇಲ್ಲ. ಮುಂಚೆ ಇದನ್ನೆಲ್ಲ ಬರೆದ ಹುಡುಗ ಬೆಂಗಳೂರು ಸೇರಿ ವರ್ಷಗಳಾದವು. ಹೇಳಿದೆ. ಭಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹಂಗಾರೆ ಲೆಕ್ಕ ಉಂಟು, ಲೆಕ್ಕ ಮಾಡೋ ರೀತಿ ಇಲ್ಲ. ಆ ಹುಡುಗನಿಗೆ ಎಲ್ಲ ನಾನೇ ಕೂರಿಸ್ಕೊಂಡು ಹೇಳಿದ್ದು. ಬರೋ ಮಾರ್ಚಿಗೆ ನಾನೂ ರಿಟೈರ್ ಅಲ್ವಾ?"

ಇದಕ್ಕೆ ಏನು ಹೇಳಲಿ.

ಸರ್ವರ್ ನಿಲ್ಲಿಸಿ ಪ್ರೊಕ್ ಟೇಬಲಿನ ಮೂರೂ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಟ್ಟೆ. ಡೇಟಾ ಫೈಲನ್ನು ಸುಮ್ನೆ ಎಡಿಟರಿನಲ್ಲಿ ತೆರೆದೆ. ಅರ್ಥವಾಗದ ಚಿಹ್ನೆಗಳ ನಡುವೆ ಬಡ್ಡಿಯ ಪ್ರೊಸೀಜರ್ ಪೂರ್ತಿ ಓದಲು ಬರುವಂತೆ ಇತ್ತು! ಅದರ ಕಾಮೆಂಟಿನಲ್ಲಿ ಆ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ: "ಅಡಿಕೆ ದುಡ್ಡು ಜಮಾ ಆದ ದಿನ ಬಡ್ಡಿ ಇಲ್ಲ, ಭಟ್ರು". ಓದಿ ಹೇಳಿದೆ. "ಹೌದು, ವ್ಯಾಪಾರದ ದಿನ ಅಲ್ಲ, ಜಮಾ ದಿನ. ಅದಕ್ಕೇ ಎಷ್ಟು ಜಗಳ ಆಗಿತ್ತು ಗೊತ್ತುಂಟಾ" ಅಂದರು. ಮುಖ ಅರಳಿತು. ನನಗೂ ಗಂಟಲು ಕಟ್ಟಿದ ಹಾಗಾಯ್ತು.

ಆಮೇಲೆ ರಿಪೇರಿ ಸುಲಭವಾಗೇ ಮುಗಿಯಿತು, ಒಂದು ಸಾಲೂ ಹೋಗಲಿಲ್ಲ. ಹೊಸ ಪ್ರೊಸೀಜರ್ ಹಾಕಿದೆ, ಸರ್ವರ್ ಅಲುಗಲಿಲ್ಲ. ರೂಟೀನ್ಸ್ ಸೇರಿಸಿ ಡಂಪ್ ತೆಗೆದು ಬೇರೆ ಮಿಷನ್ನಿನಲ್ಲಿ ಏರಿಸಿಯೂ ನೋಡಿದೆ. ಯುಪಿಎಸ್ ಬ್ಯಾಟರಿಗೆ ಅರ್ಜಿ ಬರೆದಿಟ್ಟಿದ್ದೇನೆ, ಈ ಸಲ ಬಿಡುವುದಿಲ್ಲ.

ಹೊರಡುವಾಗ ಭಟ್ರಿಗೆ ಪ್ರೊಸೀಜರುಗಳ ಪಟ್ಟಿ ತೋರಿಸಿದೆ. ಒಂದೊಂದಕ್ಕೂ ತಲೆ ಆಡಿಸುತ್ತಾ ಬಂದವರು ಒಂದರ ಹತ್ತಿರ ನಿಂತರು. "ಇದು ನಾನು ಹೇಳಿದ್ದಲ್ಲ" ಅಂದರು. ಒಳಗೆ ನೋಡಿದರೆ ಬೆಳೆಸಾಲದ ಬಾಕಿಯನ್ನು ಎಲ್ಲೋ ರೌಂಡ್ ಮಾಡುತ್ತದೆ. ಯಾರು ಹೇಳಿ ಬರೆಸಿದ್ದು, ಯಾವ ಠರಾವಿನಲ್ಲಿ ಅದು ಇದೆ, ನಾಳೆ ಬೆಳಿಗ್ಗೆ ಹಳೇ ಸಭೆಯ ಪುಸ್ತಕ ತೆಗೆಸಿ ಭಟ್ರ ಜೊತೆ ಕೂತು ಮೊದಲು ನೋಡಬೇಕು.