‘ಆಂ?’ ಅಂತ ಕೇಳಿದರೆ ವಾಲ್ಯೂಮ್ ಇಳಿಸಬೇಕು

ಬೆಳಗಾವಿಯ ಒಂದು ಬಾರ್ ಆ್ಯಂಡ್ ರೆಸ್ಟೋರೆಂಟ್‌ನಲ್ಲಿ ಗಲ್ಲಾ ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ಲು, ಸ್ಟಾಕು, ಹುಡುಗರ ರಜೆ, ಇದೆಲ್ಲದರ ಜೊತೆ ಹಾಡು ಹಾಕುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಯಾಕೆಂದರೆ ಆಂಪ್ಲಿಫೈಯರ್ ಇದ್ದದ್ದು ಗಲ್ಲಾ ಕೆಳಗೆ. ಅಷ್ಟೇ ನನ್ನ ಅರ್ಹತೆ.

ಹಾಡು ಹಾಕುವುದರಲ್ಲಿ ಏನು ಮಹಾ ಇದೆ ಅಂದುಕೊಂಡಿದ್ದೆ, ಒಂದು ಶುಕ್ರವಾರ ರಾತ್ರಿ ಕರೆಂಟ್ ಹೋಗುವವರೆಗೆ.

ಒಂಬತ್ತರ ಸುಮಾರು. ಟೇಬಲ್ ಎಲ್ಲಾ ಭರ್ತಿ. ನಮ್ಮಲ್ಲಿ ಇನ್ವರ್ಟರ್‌ಗೆ ಲೈಟು, ಫ್ಯಾನು ಮಾತ್ರ ಜೋಡಿಸಿದ್ದರು. ಹೀಗಾಗಿ ಬೆಳಕು ಹಾಗೇ ಇತ್ತು, ಹಾಡು ಮಾತ್ರ ಟಕ್ ಅಂತ ನಿಂತಿತು. ನಾಲ್ಕನೇ ಟೇಬಲ್‌ನಲ್ಲಿ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಕೆಲಸ ಮಾಡುವ ಕಾಕಾ ಒಬ್ಬರು ಗೆಳೆಯನ ಕಿವಿಗೆ ಬಾಯಿಟ್ಟು ಮಾತಾಡುತ್ತಿದ್ದರು. ಹಾಡಿನ ಮೇಲೆ ಕೇಳಿಸಲಿ ಅಂತ ಗಂಟಲು ಏರಿಸಿದ್ದರು. ಹಾಡು ನಿಂತದ್ದು ಕಿವಿಗೆ ಗೊತ್ತಾದರೂ ಗಂಟಲಿಗೆ ಗೊತ್ತಾಗಲಿಲ್ಲ.

"ಅಳಿಯ ದುಡಿಯಂಗಿಲ್ಲಲೇ, ಮಗಳು ಬಂಗಾರ ಒತ್ತಿ ಇಟ್ಟಾಳ!"

ಇಡೀ ಹಾಲ್‌ಗೆ ಕೇಳಿಸಿತು. ಯಾರೂ ನಗಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಕಾಕಾ ಅರ್ಧ ಪೆಗ್ಗು, ಒಂದು ಪ್ಲೇಟ್ ಶೇಂಗಾ ಹಾಗೇ ಬಿಟ್ಟು ಎದ್ದರು. ಬಿಲ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಮೂರು ವಾರ ನಮ್ಮ ಕಡೆ ಬರಲಿಲ್ಲ.

ಕರೆಂಟ್ ಹೋದದ್ದು ನನ್ನ ತಪ್ಪಲ್ಲ. ಆದರೆ ಒಬ್ಬ ಮನುಷ್ಯ ತನ್ನ ಮನೆಯ ಗುಟ್ಟನ್ನು ಕಿರುಚಿ ಹೇಳುವ ಹಾಗೆ ಮಾಡಿದ್ದು ನಾನೇ ಅಲ್ವಾ? ನಾಬ್ ತಿರುಗಿಸಿದ್ದು ನನ್ನ ಕೈ.

ಇದಕ್ಕೆ ಒಂದು ಹೆಸರಿದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಲೊಂಬಾರ್ಡ್ ಎಫೆಕ್ಟ್ ಅಂತಾರೆ. ಲೊಂಬಾರ್ಡ್ ಅನ್ನುವ ಫ್ರಾನ್ಸಿನ ಕಿವಿ ಡಾಕ್ಟರ್ 1911ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಸುತ್ತ ಗದ್ದಲ ಜಾಸ್ತಿಯಾದರೆ ಮನುಷ್ಯನ ದನಿ ತಾನಾಗಿಯೇ ಏರುತ್ತದೆ, ಅವನಿಗೇ ಗೊತ್ತಾಗುವುದಿಲ್ಲ. ಬಾರ್‌ನಲ್ಲಿ ಇದು ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಏಳಕ್ಕೆ ನಾನು ಹಾಡು ಹಾಕುತ್ತೇನೆ. ಎಂಟಕ್ಕೆ ಜನ ತುಂಬುತ್ತಾರೆ, ಮಾತು ಏರುತ್ತದೆ. ಹಾಡು ಕೇಳಿಸುತ್ತಿಲ್ಲ ಅಂತ ನಾನು ಏರಿಸುತ್ತೇನೆ. ಹಾಡು ಏರಿತು ಅಂತ ಅವರು ಇನ್ನೂ ಏರಿಸುತ್ತಾರೆ. ಒಂಬತ್ತೂವರೆಗೆ ಹಾಡೂ ಕೇಳಿಸುವುದಿಲ್ಲ, ಮಾತೂ ಕೇಳಿಸುವುದಿಲ್ಲ.

ಆ ಹೊತ್ತಿಗೆ ಆರ್ಡರ್ ತಗೊಳ್ಳುವ ಹುಡುಗನ ಪಾಡು ನೋಡಬೇಕು. ಗಿರಾಕಿ ಹೇಳಿದ್ದು ಎರಡು ಸೋಡಾ. ಬಂದದ್ದು ಎರಡು ಪ್ಲೇಟ್ ಪಕೋಡಾ. ಹುಡುಗ ಕಿವುಡ ಅಂತ ನಾವು ಬೈಯುತ್ತಿದ್ದೆವು. ವಾಲ್ಯೂಮ್ ಇಳಿಸಿದ ಮೇಲೆ ಅವನ ಕಿವಿ ತಾನಾಗಿಯೇ ವಾಸಿಯಾಯಿತು.

ಈಗ ನಾನು ಮಾಡುವುದು ಇಷ್ಟೇ. ಅರ್ಧ ಗಂಟೆಗೊಮ್ಮೆ ಗಲ್ಲಾ ಬಿಟ್ಟು ಎದ್ದು ಹಾಲ್ ಮಧ್ಯದ ಆರನೇ ಟೇಬಲ್ ಹತ್ತಿರ ಹೋಗುತ್ತೇನೆ. ಒಂದು ಟೇಬಲ್‌ನಷ್ಟು ದೂರದಲ್ಲಿ ಹುಡುಗನನ್ನು ನಿಲ್ಲಿಸಿ ಮನೆಯಲ್ಲಿ ಮಾತಾಡುವ ದನಿಯಲ್ಲಿ ಏನಾದರೂ ಕೇಳುತ್ತೇನೆ. ಅವನು "ಆಂ?" ಅಂದರೆ ಇಳಿಸಬೇಕು. ಮೊಬೈಲ್‌ನಲ್ಲಿ ಸೌಂಡ್ ಮೀಟರ್ ಆ್ಯಪ್ ಕೂಡ ಇದೆ, ಮೊದಲು ಅದು 85 ಡೆಸಿಬೆಲ್ (ಸದ್ದಿನ ಅಳತೆ) ದಾಟಿ ತೋರಿಸುತ್ತಿತ್ತು, ಈಗ 70ರ ಆಸುಪಾಸು. ಮೊಬೈಲ್ ಮೀಟರ್ ಪಕ್ಕಾ ಅಲ್ಲ. ‘ಆಂ?’ ಪಕ್ಕಾ. ಗಲ್ಲಾದಲ್ಲಿ ಕೂತು ಮಾತ್ರ ವಾಲ್ಯೂಮ್ ನಿರ್ಧಾರ ಮಾಡಬಾರದು. ಗಲ್ಲಾದಲ್ಲಿ ಯಾರೂ ಹರಟೆ ಹೊಡೆಯಲು ಕೂರುವುದಿಲ್ಲ.

ನಮ್ಮ ಮಾಲಕರು ಇದನ್ನು ಸುಲಭಕ್ಕೆ ಒಪ್ಪಲಿಲ್ಲ. ಅವರಿಗೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು, ಜೋರು ಹಾಡು ಹಾಕಿದರೆ ಜನ ಜಾಸ್ತಿ ಕುಡಿಯುತ್ತಾರೆ ಅಂತ. ಸುಳ್ಳಲ್ಲ, ಅಂಥ ಸಂಶೋಧನೆ ನಿಜವಾಗಿಯೂ ಇದೆ. ಫ್ರಾನ್ಸಿನ ಗೆಗೆನ್ ಅನ್ನುವವರ ತಂಡ 2008ರಲ್ಲಿ ಪ್ರಕಟಿಸಿದ್ದು. ಒಂದು ಸಲ 72 ಡೆಸಿಬೆಲ್, ಇನ್ನೊಂದು ಸಲ 88 ಡೆಸಿಬೆಲ್ ಇಟ್ಟು ನೋಡಿದರು. ಜೋರು ಹಾಡಿದ್ದಾಗ ಒಂದು ಗ್ಲಾಸ್ ಬಿಯರ್ ಬೇಗ ಖಾಲಿಯಾಯಿತು, ಗ್ಲಾಸ್‌ಗಳ ಲೆಕ್ಕವೂ ಏರಿತು. ಆದರೆ ಅವರು ನೋಡಿದ್ದು 18ರಿಂದ 25 ವಯಸ್ಸಿನ 40 ಹುಡುಗರನ್ನು. ನಮ್ಮಲ್ಲಿ ಕೂರುವವರು ನಲವತ್ತು ದಾಟಿದವರು. ಒಂದು ಕ್ವಾರ್ಟರ್ ಇಟ್ಟುಕೊಂಡು ಎರಡು ತಾಸು ಸುಖದುಃಖ ಮಾತಾಡುವವರು. ಅವರಿಗೆ ಮಾತೇ ಚಕ್ನಾ. ಮಾತು ನಿಂತರೆ ಅವರು ಜಾಸ್ತಿ ಕುಡಿಯುವುದಿಲ್ಲ, ಎದ್ದು ಹೋಗುತ್ತಾರೆ.

ಅದಕ್ಕಿಂತ ನನಗೆ ಕೆಲಸಕ್ಕೆ ಬಂದದ್ದು ಇನ್ನೂ ಹಳೆಯ ಒಂದು ಪ್ರಯೋಗ. ಅಮೆರಿಕದ ಮಿಲಿಮನ್ ಅನ್ನುವವರು 1986ರಲ್ಲಿ ಬರೆದದ್ದು. ರೆಸ್ಟೋರೆಂಟ್‌ನಲ್ಲಿ ನಿಧಾನ ಗತಿಯ ಸಂಗೀತ ಇದ್ದ ದಿನ ಜನ ಸರಾಸರಿ 56 ನಿಮಿಷ ಕೂತರು, ವೇಗದ ಸಂಗೀತ ಇದ್ದ ದಿನ 45 ನಿಮಿಷ. ಊಟದ ಬಿಲ್ ಹೆಚ್ಚುಕಡಿಮೆ ಅಷ್ಟೇ. ಕುಡಿದ ಬಿಲ್ ಮಾತ್ರ ನಿಧಾನದ ದಿನ ಏರಿತ್ತು. ಇದನ್ನು ಮಾಲಕರಿಗೆ ತೋರಿಸಿದೆ. "ಹಂಗಾರ ದಿನಾ ನಿಧಾನನ ಹಾಕ್ರೀ" ಅಂದರು. ಅದೂ ಪೂರ್ತಿ ಸರಿಯಲ್ಲ. ಸೋಮವಾರ ಅರ್ಧ ಹಾಲ್ ಖಾಲಿ ಇರುವಾಗ ಕೂತವರು ಇನ್ನಷ್ಟು ಕೂರಲಿ. ಶನಿವಾರ ಬಾಗಿಲಲ್ಲಿ ನಾಲ್ಕು ಗುಂಪು ಕಾಯುತ್ತಾ ನಿಂತಿರುವಾಗ ಎರಡು ಬಿಯರ್‌ಗೆ ಮೂರು ತಾಸು ಕೂತರೆ ನಷ್ಟ. ಅವತ್ತು ಸ್ವಲ್ಪ ವೇಗದ ಹಾಡು ಹಾಕುತ್ತೇನೆ. ವೇಗ ಬೇರೆ, ಜೋರು ಬೇರೆ. ಇದು ತಲೆಗೆ ಹೋಗಲು ನನಗೇ ವರ್ಷ ಬೇಕಾಯಿತು.

ಸ್ಪೀಕರ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಗಲ್ಲಾ ಪಕ್ಕ ಎರಡು ದೊಡ್ಡ ಸ್ಪೀಕರ್ ಇದ್ದವು. ಒಂದನೇ ಟೇಬಲ್‌ನವರ ಎದೆ ನಡುಗುತ್ತಿತ್ತು, ಕೊನೆಯ ಟೇಬಲ್‌ಗೆ ಬರೀ ಗುಂಯ್ ಅನ್ನುತ್ತಿತ್ತು. ಬಯಲಲ್ಲಾದರೆ ದೂರ ಎರಡು ಪಟ್ಟಾದಾಗೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗಳ ಒಳಗೆ ಅದಕ್ಕಿಂತ ಕಡಿಮೆ. ಹಿಂದಿನವರಿಗೆ ಕೇಳಿಸಲಿ ಅಂತ ಮುಂದಿನವರನ್ನು ಸಾಯಿಸುತ್ತಿದ್ದೆವು. ಈಗ ಸೀಲಿಂಗ್‌ನಲ್ಲಿ ಆರು ಚಿಕ್ಕ ಸ್ಪೀಕರ್. ಬಾಸ್, ಅಂದರೆ ಧಮ್ ಧಮ್ ಅನ್ನುವ ದಪ್ಪ ಸದ್ದು, ಇಳಿಸಿದ್ದೇವೆ, ಯಾಕೆಂದರೆ ಗೋಡೆ ದಾಟುವುದು ಅದೇ. ಹಿಂದಿನ ಮನೆಯ ಅಜ್ಜಿ ರಾತ್ರಿ ಬಂದು ಬಾಗಿಲು ಬಡಿದದ್ದು ಬಾಸ್‌ಗೇ ಹೊರತು ಹಾಡಿಗಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ಮೇಲೆ ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬೆಲ್, ವಸತಿ ಪ್ರದೇಶದಲ್ಲಿ 45. ನಮ್ಮ ಮುಂಬಾಗಿಲು ವಾಣಿಜ್ಯ, ಹಿಂಬಾಗಿಲು ವಸತಿ!

ಬೆಳಗಾವಿಯವರಿಗೆ ಮಾತ್ರ ಗೊತ್ತಾಗುವ ಒಂದು ತಾಪತ್ರಯವೂ ಇದೆ. ಜುಲೈ ಮಳೆ. ನಮ್ಮ ಹಿಂದಿನ ಸೆಕ್ಷನ್‌ಗೆ ಪತ್ರಾಸಿನ ಮಾಡು. ಮಳೆ ಶುರುವಾದರೆ ಮೇಲೆ ಹಲಗೆ ಬಾರಿಸಿದ ಹಾಗೆ. ಹಾಡು ಏರಿಸಲೇಬೇಕು. ಮಳೆ ನಿಂತಾಗ ಇಳಿಸಲು ಮರೆಯುತ್ತೇವೆ. ಈಗ ಏರಿಸುವುದನ್ನೇ ಬಿಟ್ಟಿದ್ದೇವೆ. ಮಳೆ ಬಂದರೆ ಹಿಂದಿನ ಸೆಕ್ಷನ್‌ನಲ್ಲಿ ಹಾಡು ಬಂದ್. ಮಳೆ ಸದ್ದಲ್ಲಿ ಕೂತು ಕುಡಿಯುವುದು ಬೇಡ ಅಂದ ಗಿರಾಕಿಯನ್ನು ನಾನು ಇನ್ನೂ ನೋಡಿಲ್ಲ.

ಯಾವ ಹಾಡು ಅನ್ನುವುದಕ್ಕೆ ಬರೋಣ. ಇಲ್ಲಿ ಒಂದು ಟೇಬಲ್‌ನಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಅದರಾಚೆ ಗೋವಾಕ್ಕೆ ಹೊರಟವರ ಹಿಂದಿ. ಡಿಸೆಂಬರ್‌ನಲ್ಲಿ ಸುವರ್ಣ ಸೌಧದ ಅಧಿವೇಶನ ಇದ್ದರೆ ಬೆಂಗಳೂರು, ಮೈಸೂರು ಕಡೆಯವರೂ ಬರುತ್ತಾರೆ, ಅವರಿಗೆ ಎಂಬತ್ತರ ದಶಕದ ಕನ್ನಡ ಹಾಡೇ ಆಗಬೇಕು. ಭಾಷೆ ಮೇಲೆ ಜಗಳ ಆಗುತ್ತದೆ ಅಂತ ಮಾಲಕರಿಗೆ ಯಾವಾಗಲೂ ಹೆದರಿಕೆ. ನಾನು ಕಂಡ ಹಾಗೆ ಭಾಷೆಗೆ ಜಗಳ ಆಗಲಿಲ್ಲ. ಒಂದೇ ಹಾಡು ಮೂರು ಸಲ ಹಾಕಿಸಿದ್ದಕ್ಕೆ ಆಯಿತು. ಅದಕ್ಕೇ ಈಗ ಫರ್ಮಾಯಿಶ್ ಇದ್ದರೆ ಚೀಟಿ ಬರೆದು ಗಲ್ಲಾಕ್ಕೆ ಕೊಡಬೇಕು. ಸರದಿ ಬಂದಾಗ ಒಂದು ಸಲ ಹಾಕುತ್ತೇನೆ, ಎರಡನೇ ಸಲ ಇಲ್ಲ. ಭಾಷೆಗಳನ್ನು ಬೆರೆಸಿಯೇ ಪಟ್ಟಿ ಮಾಡುತ್ತೇನೆ. ಒಂದು ತಾಸು ಪೂರ್ತಿ ಒಂದೇ ಭಾಷೆ ಹಾಕಿದರೆ ಆ ತಾಸು ಯಾರದೋ ಒಬ್ಬರ ಸ್ವಂತ ಆಸ್ತಿ ಆಗಿಬಿಡುತ್ತದೆ.

ಹಿರಿಯರೊಬ್ಬರು ಒಮ್ಮೆ ತಕರಾರು ತೆಗೆದರು. "ಕುಮಾರ ಗಂಧರ್ವರು ಇಲ್ಲೇ ನಮ್ಮ ಸುಳೇಭಾವಿಯಾಗ ಹುಟ್ಟಿದವರು. ಒಂದ ದಿನಾನೂ ಹಾಕಿಲ್ಲಲ್ರೀ ನೀವು?" ಮಾತು ನಿಜ. ಒಂದು ಸೋಮವಾರ ಸಂಜೆ ಏಳಕ್ಕೆ ಹಾಕಿದೆ. ಐದೇ ನಿಮಿಷದಲ್ಲಿ ಮೂರು ಟೇಬಲ್‌ನ ಮಾತು ನಿಂತಿತು. ಒಬ್ಬರು ಗ್ಲಾಸ್ ಕೆಳಗಿಟ್ಟು ಕಣ್ಣು ಮುಚ್ಚಿದರು. ಹುಡುಗ ಐಸ್ ಹಾಕುವ ಮುಂಚೆ ನನ್ನ ಕಡೆ ನೋಡಿದ, ಹಾಕಲೋ ಬೇಡವೋ ಅಂತ. ಒಂದು ತಾಸು ಒಂದೂ ಹೊಸ ಆರ್ಡರ್ ಇಲ್ಲ. ಆ ಸಂಗೀತ ಹಿಂದೆ ಹೋಗಿ ಸುಮ್ನೆ ಕೂರುವಂಥದ್ದಲ್ಲ, ಎದುರಿಗೇ ಬಂದು ಕೂರುತ್ತದೆ. ಹಿರಿಯರಿಗೆ ಕೈಮುಗಿದು ಹೇಳಿದೆ, ಇದು ನಮ್ಮ ಜಾಗಕ್ಕೆ ದೊಡ್ಡದಾಯಿತು ಅಂತ. ಅವರು ನಕ್ಕರು. ಆ ಒಂದು ತಾಸು ಗಲ್ಲಾದಲ್ಲಿ ಕೂತ ನನಗೆ ಮಾತ್ರ ಬಹಳ ಲಾಭ.

ಹಾಡು ಹಾಕಲು ಸ್ವಂತ ಫೋನ್ ಮಾತ್ರ ಬೇಡ. ನಾನು ಮೊದಲು ನನ್ನದನ್ನೇ ಬ್ಲೂಟೂತ್‌ಗೆ ಜೋಡಿಸುತ್ತಿದ್ದೆ. ಒಂದು ರಾತ್ರಿ ಹಾಡು ಬದಲಿಸಲು ಹೋಗಿ ವಾಟ್ಸಾಪ್ ಒತ್ತಿದೆ. ಹೆಂಡತಿಯ ವಾಯ್ಸ್ ಮೆಸೇಜ್ ಆರೂ ಸ್ಪೀಕರ್‌ನಲ್ಲಿ ಬಂತು: "ಎಷ್ಟೊತ್ತಿಗೆ ಬರ್ತೀರಿ? ಬರೂಮುಂದ ಹಾಲು ತರ್ರಿ." ಹಾಲ್ ಪೂರ್ತಿ ಗೊಳ್ಳೆಂದಿತು. ಇವತ್ತಿಗೂ ಬಾಗಿಲು ಹಾಕುವ ಹೊತ್ತಿಗೆ ಖಾಯಂ ಗಿರಾಕಿಗಳು "ವೈನಿ ಹಾಲು ಹೇಳ್ಯಾರ, ಏಳ್ರೋ" ಅಂತ ಎದ್ದು ಹೋಗುತ್ತಾರೆ. ಈಗ ಹಾಡಿಗೆ ಬೇರೆ ಟ್ಯಾಬ್ ಇದೆ, ಅದರಲ್ಲಿ ಸಿಮ್ ಇಲ್ಲ.

ಟ್ಯಾಬ್ ತಂದಾಗಲೇ ಇನ್ನೊಂದು ಗೊತ್ತಾಯಿತು. ಮೊಬೈಲ್ ಆ್ಯಪ್‌ಗಳಲ್ಲಿ ನಾವು ತಿಂಗಳಿಗೆ ದುಡ್ಡು ಕಟ್ಟುವ ವೈಯಕ್ತಿಕ ಅಕೌಂಟ್ ಸ್ವಂತಕ್ಕೆ ಕೇಳಲು ಮಾತ್ರ, ಅಂಗಡಿಯಲ್ಲಿ ಹಾಕಲು ಅಲ್ಲ. 1957ರ ಕಾಪಿರೈಟ್ ಕಾಯ್ದೆಯಡಿ ಬಾರ್‌ನಲ್ಲಿ ಹಾಡು ಹಾಕುವುದಕ್ಕೆ ಲೈಸೆನ್ಸ್ ಬೇಕು. ಅದರಲ್ಲೂ ಎರಡು ಹಕ್ಕು. ಹಾಡಿನ ಸಾಹಿತ್ಯ, ರಾಗ ಸಂಯೋಜನೆಯದು ಒಂದು, ಅದಕ್ಕೆ ಐಪಿಆರ್‌ಎಸ್ ಅನ್ನುವ ಸಂಸ್ಥೆ ಇದೆ. ರೆಕಾರ್ಡಿಂಗ್‌ನದು ಇನ್ನೊಂದು, ಅದು ಕ್ಯಾಸೆಟ್ ಕಂಪನಿಯವರದು ಅಥವಾ ಅವರ ಪರವಾಗಿ ಲೈಸೆನ್ಸ್ ಕೊಡುವವರದು. ಒಂದನ್ನು ಕಟ್ಟಿ ಎಲ್ಲಾ ಮುಗಿಯಿತು ಅಂತ ನಮ್ಮ ಮಾಲಕರು ನಿಶ್ಚಿಂತೆಯಿಂದ ಇದ್ದರು. ಎರಡನೆಯದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಎಕ್ಸೈಸ್ ಲೈಸೆನ್ಸ್ ಇಟ್ಟ ಫೈಲ್‌ನಲ್ಲೇ ಇವನ್ನೂ ಇಟ್ಟುಕೊಂಡರೆ ನವೀಕರಣ ಮರೆಯುವುದಿಲ್ಲ.

ಫೌಂಡ್ರಿ ಕಾಕಾ ನಾಲ್ಕನೇ ವಾರ ಬಂದರು. ಅದೇ ಗೆಳೆಯ, ಅದೇ ಟೇಬಲ್. ಕೂರುವ ಮೊದಲು ತಲೆ ಎತ್ತಿ ಸೀಲಿಂಗ್ ನೋಡಿದರು. ನಾನು ಏನೂ ಮಾತಾಡಲಿಲ್ಲ, ಹುಡುಗನ ಕೈಯಲ್ಲಿ ಶೇಂಗಾ ಕಳಿಸಿದೆ. ಈಗ ವಾರಕ್ಕೆರಡು ಸಲ ಬರುತ್ತಾರೆ, ಎರಡು ತಾಸು ಕೂರುತ್ತಾರೆ, ಬಾಯಿ ಅಲ್ಲಾಡುವುದು ಕಾಣುತ್ತದೆ. ಅಳಿಯ ದುಡಿಯಲು ಹತ್ತಿದನೋ, ಮಗಳ ಬಂಗಾರ ವಾಪಸ್ ಬಂತೋ, ಗಲ್ಲಾವರೆಗೆ ಏನೂ ಕೇಳಿಸುವುದಿಲ್ಲ.